ಹೊರಗಿನವರು ಬಂದರೆ ನಮ್ಮ ಕೂಲಿ ಇಳಿಯುತ್ತದೆಯೇ?

ಪ್ರಶ್ನೆ: ನನ್ನ ತಂದೆ ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಬಂದವರು. ಇಪ್ಪತ್ತೈದು ವರ್ಷಗಳಿಂದ ಗಾರೆ ಕೆಲಸ ಮಾಡುತ್ತಿದ್ದಾರೆ. ಬಿಹಾರ, ಬಂಗಾಳ, ಒಡಿಶಾದ ಹುಡುಗರು ಬರತೊಡಗಿದ ಮೇಲೆ ಕೂಲಿ ಏರುವುದೇ ನಿಂತುಹೋಯಿತು ಎನ್ನುತ್ತಾರೆ. ನಾನು ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ಅಮೆರಿಕದ ಮಿಯಾಮಿ ನಗರಕ್ಕೆ ಸಾವಿರಾರು ಜನ ವಲಸೆ ಬಂದರೂ ಅಲ್ಲಿಯವರ ಕೂಲಿ ಇಳಿಯಲಿಲ್ಲ, ಇದನ್ನು ತೋರಿಸಿದವರಿಗೆ ನೊಬೆಲ್ ಬಂದಿದೆ ಎಂದು ತರಗತಿಯಲ್ಲಿ ಹೇಳಿದರು. ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ ಸಿಟ್ಟಾದರು. ಯಾರ ಮಾತು ಸರಿ? ಅಣ್ಣ ದುಬೈಗೆ ಹೋಗುವ ಯೋಚನೆಯಲ್ಲಿದ್ದಾನೆ. ಅಲ್ಲಿ ಅವನೂ ಹೀಗೆಯೇ ಹೊರಗಿನವನಾಗುತ್ತಾನಲ್ಲವೇ?

ಉತ್ತರ: ನಿಮ್ಮ ತಂದೆಯವರ ಸಿಟ್ಟಿನಲ್ಲಿ ಹುರುಳಿದೆ. ಇಪ್ಪತ್ತೈದು ವರ್ಷ ಕರಣೆ ಹಿಡಿದವರು ತಮ್ಮ ಕೂಲಿಯ ಬಗ್ಗೆ ಹೇಳುವ ಮಾತನ್ನು ದೂರದ ಒಂದು ನಗರದ ಅಧ್ಯಯನ ತೋರಿಸಿ ತಳ್ಳಿಹಾಕಬಾರದು. ಹಾಗೆಂದು ನಿಮ್ಮ ಅಧ್ಯಾಪಕರು ಹೇಳಿದ್ದು ಸುಳ್ಳೂ ಅಲ್ಲ. ಮಿಯಾಮಿಯ ಕಥೆಯನ್ನು ಪೂರ್ತಿ ಕೇಳಿದರೆ ಇಬ್ಬರ ಮಾತಿಗೂ ಎಲ್ಲಿ ಜಾಗವಿದೆ ಎಂಬುದು ತಿಳಿಯುತ್ತದೆ. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

1980ರ ಏಪ್ರಿಲ್ ಮೊದಲ ದಿನ ಕ್ಯೂಬಾದ ರಾಜಧಾನಿ ಹವಾನಾದಲ್ಲಿ ಕೆಲವರು ಒಂದು ಬಸ್ಸನ್ನು ಪೆರು ದೇಶದ ರಾಯಭಾರ ಕಚೇರಿಯ ಗೇಟಿಗೆ ನುಗ್ಗಿಸಿ ಒಳಗೆ ಆಶ್ರಯ ಬೇಡಿದರು. ಕಾವಲಿನವರನ್ನು ಹಿಂದಕ್ಕೆ ಕರೆಸಿಕೊಂಡದ್ದೇ ತಡ, ಕೆಲವೇ ದಿನಗಳಲ್ಲಿ ಆ ಕಚೇರಿಯ ಆವರಣದಲ್ಲಿ ಸುಮಾರು ಹತ್ತು ಸಾವಿರ ಜನ ಸೇರಿದರು. ಕೊನೆಗೆ ಫಿಡೆಲ್ ಕ್ಯಾಸ್ಟ್ರೊ, ದೇಶ ಬಿಡುವವರು ಮರಿಯೆಲ್ ಬಂದರಿನಿಂದ ಹೋಗಬಹುದು ಎಂದರು. ಫ್ಲಾರಿಡಾದಲ್ಲಿ ಮೊದಲೇ ನೆಲೆಸಿದ್ದ ಕ್ಯೂಬನ್ನರು ಮೀನುಗಾರಿಕೆಯ ದೋಣಿಯೋ ವಿಹಾರದ ದೋಣಿಯೋ ಸಿಕ್ಕಿದ್ದನ್ನು ಹಿಡಿದು ನೆಂಟರಿಷ್ಟರನ್ನು ಕರೆತರಲು ಹೊರಟರು. ಆ ವರ್ಷದ ಶರತ್ಕಾಲದೊಳಗೆ ಸುಮಾರು 1,25,000 ಜನ ಸಮುದ್ರ ದಾಟಿದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮಿಯಾಮಿಯಲ್ಲೇ ಉಳಿದರು. ನಗರದ ದುಡಿಯುವ ಜನರ ಸಂಖ್ಯೆ ಶೇ 7ರಷ್ಟು ಹೆಚ್ಚಿತು. ನೂರು ಜನ ದುಡಿಯುವ ಊರಿಗೆ ಒಂದೇ ಬೇಸಿಗೆಯಲ್ಲಿ ಇನ್ನೂ ಏಳು ಜನ ಬಂದು ಕೆಲಸ ಕೇಳಿದಂತೆ. ಬಂದವರಲ್ಲಿ ಬಹುಪಾಲು ಜನ ಹೈಸ್ಕೂಲು ಮುಗಿಸಿದವರಲ್ಲ.

ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ಈ ಘಟನೆಯನ್ನು ಕುರಿತದ್ದು. ಮಿಯಾಮಿಯ ನಿರುದ್ಯೋಗ 1980ರ ಏಪ್ರಿಲ್‌ನಲ್ಲಿ ಶೇ 5 ಇದ್ದದ್ದು ಜುಲೈ ಹೊತ್ತಿಗೆ ಶೇ 7.1ಕ್ಕೆ ಏರಿತ್ತು. ಇಷ್ಟನ್ನೇ ನೋಡಿದವರಿಗೆ ‘ಕ್ಯೂಬನ್ನರು ಬಂದರು, ಕೆಲಸ ಹೋಯಿತು’ ಎಂದೇ ಅನ್ನಿಸುತ್ತದೆ. ಆದರೆ ಅದು ದೇಶದಾದ್ಯಂತ ಆರ್ಥಿಕ ಹಿಂಜರಿತ ಇದ್ದ ವರ್ಷ. ಹಾಗಾಗಿ ಕಾರ್ಡ್ ಅಟ್ಲಾಂಟಾ, ಹ್ಯೂಸ್ಟನ್, ಲಾಸ್ ಏಂಜಲೀಸ್, ಟ್ಯಾಂಪಾ-ಸೇಂಟ್ ಪೀಟರ್ಸ್‌ಬರ್ಗ್ ನಗರಗಳನ್ನು ಮಿಯಾಮಿಯ ಪಕ್ಕದಲ್ಲಿಟ್ಟು ನೋಡಿದರು. ದೋಣಿಗಳು ಬಾರದ ಆ ಊರುಗಳಿಗೆ ಹೋಲಿಸಿದರೆ ಮಿಯಾಮಿಯ ಕಡಿಮೆ ಓದಿನ ಕೆಲಸಗಾರರ ಕೂಲಿ ಕುಸಿದಿರಲಿಲ್ಲ. ಅಲ್ಲಿ ಮೊದಲೇ ಇದ್ದ ಕ್ಯೂಬನ್ನರ ಮೇಲೂ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ. ನೊಬೆಲ್ ಬಂದದ್ದು 2021ರಲ್ಲಿ. ಅದೂ ಈ ಒಂದು ಫಲಿತಾಂಶಕ್ಕಲ್ಲ. ಕನಿಷ್ಠ ವೇತನ, ಶಿಕ್ಷಣ, ವಲಸೆ ಹೀಗೆ ದುಡಿಮೆಗೆ ಸಂಬಂಧಿಸಿದ ಹಲವು ಪ್ರಶ್ನೆಗಳಿಗೆ ಸಹಜವಾಗಿ ನಡೆದ ಘಟನೆಗಳಿಂದಲೇ ಉತ್ತರ ಹುಡುಕುವ ದಾರಿಯನ್ನು ಅವರು ಮಾಡಿಕೊಟ್ಟರು ಎಂಬುದಕ್ಕೆ ಆ ಗೌರವ ಸಂದಿತು.

ಬೇಡಿಕೆ-ಪೂರೈಕೆಯ ಪಾಠದ ಪ್ರಕಾರ ಕೂಲಿ ಇಳಿಯಲೇಬೇಕಿತ್ತು. ಏಕೆ ಇಳಿಯಲಿಲ್ಲ? ಬಂದವನು ಎರಡು ಕೈಗಳ ಜೊತೆ ಒಂದು ಹೊಟ್ಟೆಯನ್ನೂ ತಂದಿರುತ್ತಾನೆ. ಅವನಿಗೆ ಮನೆ ಬಾಡಿಗೆಗೆ ಬೇಕು, ಅಕ್ಕಿ-ಬೇಳೆ ಬೇಕು, ಕ್ಷೌರ ಆಗಬೇಕು, ಮಕ್ಕಳಿಗೆ ಶಾಲೆ ಬೇಕು. ಆ ಖರ್ಚೆಲ್ಲ ಅದೇ ಊರಿನಲ್ಲಿ ಇನ್ನೊಬ್ಬರ ಕೂಲಿಯಾಗುತ್ತದೆ. ಊರಿನಲ್ಲಿ ಇಷ್ಟೇ ಕೆಲಸವಿದೆ, ಒಬ್ಬ ಬಂದರೆ ಒಬ್ಬ ಎದ್ದು ಹೋಗಬೇಕು ಎಂದು ನಾವು ಬಸ್ಸಿನ ಸೀಟಿನ ಲೆಕ್ಕ ಹಾಕುತ್ತೇವೆ. ಕೆಲಸದ ಲೆಕ್ಕ ಹಾಗಿಲ್ಲ. ಮಿಯಾಮಿಯಲ್ಲಿ ಇನ್ನೂ ಒಂದು ಅನುಕೂಲವಿತ್ತು. ಇಪ್ಪತ್ತು ವರ್ಷಗಳಿಂದ ಕ್ಯೂಬನ್ನರನ್ನು ಬರಮಾಡಿಕೊಂಡು ಅಭ್ಯಾಸವಾಗಿದ್ದ ಊರು ಅದು. ಸ್ಪ್ಯಾನಿಷ್ ಮಾತನಾಡುವ ಮೇಲ್ವಿಚಾರಕರಿದ್ದ ಬಟ್ಟೆ ಹೊಲಿಯುವ ಕಾರ್ಖಾನೆಗಳು, ಅಂಗಡಿಗಳು, ಹೋಟೆಲುಗಳು ಆಗಲೇ ಇದ್ದವು. ಜೊತೆಗೆ, ಬೇರೆ ಕಡೆಯಿಂದ ಆ ವರ್ಷಗಳಲ್ಲಿ ಮಿಯಾಮಿಗೆ ಬರಬೇಕಿದ್ದ ಎಷ್ಟೋ ಜನ ಬರದೆ ಉಳಿದಿರಬೇಕು ಎಂಬ ಸೂಚನೆಯನ್ನು ಕಾರ್ಡ್ ಅವರೇ ಕೊಟ್ಟಿದ್ದಾರೆ. ತರಗತಿಯಲ್ಲಿ ಈ ಮಾತನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಇದು ಒಂದು ಪಕ್ಷ. ಇನ್ನೊಂದು ಪಕ್ಷ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಅವರದು. ಹವಾನಾದಲ್ಲಿ ಹುಟ್ಟಿ ಹುಡುಗನಾಗಿದ್ದಾಗ ತಾವೇ ಮಿಯಾಮಿಗೆ ವಲಸೆ ಬಂದವರು ಅವರು. ಕಾರ್ಡ್ ನೋಡಿದ ಗುಂಪು ತುಂಬ ದೊಡ್ಡದಾಯಿತು, ದೋಣಿಯಲ್ಲಿ ಬಂದವರು ನೇರವಾಗಿ ಪೈಪೋಟಿ ಕೊಟ್ಟದ್ದು ಹೈಸ್ಕೂಲು ಮುಗಿಸದ ಗಂಡಸರಿಗೆ, ಅವರನ್ನೇ ಪ್ರತ್ಯೇಕವಾಗಿ ನೋಡಿ ಎಂದರು. 2017ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಆ ಗುಂಪಿನ ಕೂಲಿ ಶೇ 10ರಿಂದ 30ರವರೆಗೆ ಬಿದ್ದಿತ್ತು. ಆದರೆ ಹಾಗೆ ಜರಡಿ ಹಿಡಿಯುತ್ತಾ ಹೋದಾಗ, ಈ ಲೆಕ್ಕಗಳಿಗೆ ಆಧಾರವಾದ ಸರ್ಕಾರಿ ಸಮೀಕ್ಷೆಯಲ್ಲಿ ಉಳಿಯುವ ಮಿಯಾಮಿಯ ಗಂಡಸರ ಸಂಖ್ಯೆ ವರ್ಷಕ್ಕೆ ಇಪ್ಪತ್ತರ ಆಸುಪಾಸು. ಮೈಕೆಲ್ ಕ್ಲೆಮೆನ್ಸ್ ಮತ್ತು ಜೆನಿಫರ್ ಹಂಟ್ ಅವರು ಇನ್ನೊಂದು ತೊಡಕನ್ನು ಕಂಡುಹಿಡಿದರು. ಅದೇ ವರ್ಷಗಳಲ್ಲಿ ಆ ಸಮೀಕ್ಷೆ ಕಡಿಮೆ ಆದಾಯದ ಕಪ್ಪು ಗಂಡಸರನ್ನು ಮೊದಲಿಗಿಂತ ಹೆಚ್ಚಾಗಿ ಒಳಗೊಳ್ಳತೊಡಗಿತ್ತು. ಸರಾಸರಿ ಇಳಿದಂತೆ ಕಂಡದ್ದರಲ್ಲಿ ದೊಡ್ಡ ಪಾಲು, ಕೇಳಿದ ಜನ ಬದಲಾದದ್ದರಿಂದ ಬಂದದ್ದು.

ಈ ವಾದದಲ್ಲಿ ನನ್ನ ಒಲವು ಕಾರ್ಡ್ ಅವರ ಕಡೆಗೇ. ಆದರೂ ಬೋರ್ಹಾಸ್ ಎತ್ತಿದ ಪ್ರಶ್ನೆಯನ್ನು ನಾನು ಬಿಡುವುದಿಲ್ಲ. ಊರಿನ ಸರಾಸರಿ ಚೆನ್ನಾಗಿದ್ದರೂ ಒಂದು ಓಣಿಯ ಜನ ಸೋತಿರಬಹುದು. ಆ ಓಣಿ ಯಾವುದು ಎಂದು ಹುಡುಕುವುದು ನಮ್ಮ ಕೆಲಸ. ನಿಮ್ಮ ತಂದೆಯವರ ಮಾತಿಗೆ ಹತ್ತಿರವಾದ ಸಾಕ್ಷ್ಯ ಇರುವುದು ಮಿಯಾಮಿಯಲ್ಲಲ್ಲ, ಜರ್ಮನಿಯ ಗಡಿಯಲ್ಲಿ.

1991ರಲ್ಲಿ ಜರ್ಮನಿ ಒಂದು ವಿಚಿತ್ರ ನಿಯಮ ಮಾಡಿತು. ಚೆಕ್ ಕಡೆಯ ಕೆಲಸಗಾರರು ಗಡಿ ದಾಟಿ ಬವೇರಿಯಾದ ಗಡಿ ಊರುಗಳಲ್ಲಿ ದುಡಿಯಬಹುದು, ಆದರೆ ಅಲ್ಲಿ ನೆಲೆಸುವಂತಿಲ್ಲ. ಕೆಲಸ ಮುಗಿಸಿ ತಮ್ಮ ದೇಶಕ್ಕೆ ಮರಳಬೇಕು. ಅಂದರೆ ಎರಡು ಕೈ ಬಂದವು, ಹೊಟ್ಟೆ ಅಲ್ಲೇ ಉಳಿಯಿತು. ಕ್ರಿಶ್ಚಿಯನ್ ಡಸ್ಟ್‌ಮನ್ ಮತ್ತು ಅವರ ಸಂಗಡಿಗರು ಈ ಊರುಗಳ ದಾಖಲೆಗಳನ್ನು ಜಾಲಾಡಿದರು. ಕೂಲಿ ಇಳಿದದ್ದು ಸ್ವಲ್ಪವೇ. ಆದರೆ ಸ್ಥಳೀಯರ ಕೆಲಸ ಮಾತ್ರ, ಬಂದವರಿಗೆ ಸರಿಸುಮಾರು ತಲೆಗೆ ತಲೆ ಎನ್ನುವಷ್ಟು ಕಡಿಮೆಯಾಗಿತ್ತು. ಇದ್ದವರನ್ನು ಮನೆಗೆ ಕಳಿಸಿದ್ದು ಕಡಿಮೆ. ಹೊಸದಾಗಿ ಕೆಲಸಕ್ಕೆ ಸೇರಬೇಕಿದ್ದ ಸ್ಥಳೀಯರಿಗೆ ಬಾಗಿಲು ತೆರೆಯಲಿಲ್ಲ, ಅಷ್ಟೆ. ಇಂಥ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಯಾರಿಗೂ ‘ನಾಳೆಯಿಂದ ಬರಬೇಡ’ ಎಂದು ಹೇಳಿರುವುದಿಲ್ಲ. ಬರಬೇಕಿದ್ದ ಕರೆ ಬಂದಿರುವುದಿಲ್ಲ.

ಮಿಯಾಮಿಯಲ್ಲಿ ಆಗದ್ದು ಬವೇರಿಯಾದಲ್ಲಿ ಏಕಾಯಿತು ಎಂಬುದಕ್ಕೆ ಒಂದೇ ಕಾರಣ ಕೊಡಲಾಗದು. ಆದರೆ ಬಂದವನು ದುಡಿದ ಊರಿನಲ್ಲೇ ಬಾಳುತ್ತಾನೆಯೇ ಎಂಬುದು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ. ಬೆಂಗಳೂರಿನ ಕಟ್ಟಡದ ಸೈಟುಗಳನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ನಮ್ಮ ಬಡಾವಣೆಯ ಪಕ್ಕದಲ್ಲೇ ಒಂದು ಅಪಾರ್ಟ್‌ಮೆಂಟ್ ಏಳುತ್ತಿದ್ದಾಗ ಅಲ್ಲಿಯ ತಗಡಿನ ಶೆಡ್ಡುಗಳಿಗೆ ಆಗಾಗ ಹೋಗುತ್ತಿದ್ದೆ. ಒಂದು ಶೆಡ್ಡಿನಲ್ಲಿ ಎಂಟು ಹುಡುಗರು. ಸೆಂಟ್ರಿಂಗ್ ಹಲಗೆಯ ಚೂರುಗಳನ್ನೇ ಒಲೆಗೆ ಒಡ್ಡಿ ಅನ್ನ, ಆಲೂಗೆಡ್ಡೆ ಬೇಯಿಸುತ್ತಿದ್ದರು. ಭಾನುವಾರ ಮೇಸ್ತ್ರಿ ಹಾಜರಿ ಪುಸ್ತಕ ತೆಗೆದು ಪ್ರತಿಯೊಬ್ಬನಿಗೂ ‘ಖರ್ಚಿ’ ಎಂದು ವಾರದ ಊಟಕ್ಕಾಗುವಷ್ಟು ಕೊಡುತ್ತಿದ್ದ. ಉಳಿದ ಕೂಲಿ ಅವನ ಪುಸ್ತಕದಲ್ಲೇ. ಊರಿಗೆ ಹೋಗುವಾಗ ಲೆಕ್ಕ ಚುಕ್ತಾ. ನಡುವೆ ಬಿಟ್ಟು ಹೋದರೆ ಆ ಬಾಕಿ ಸಿಗುವ ಭರವಸೆ ಇರಲಿಲ್ಲ. ಇಂಥ ಹುಡುಗ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವುದಿಲ್ಲ, ಪಾತ್ರೆ-ಪಡಗ ಕೊಳ್ಳುವುದಿಲ್ಲ, ಮಗುವನ್ನು ಶಾಲೆಗೆ ಸೇರಿಸುವುದಿಲ್ಲ. ಕೂಲಿ ಕಡಿಮೆಯಾಯಿತೆಂದು ಪಕ್ಕದ ಸೈಟಿಗೆ ಹೋಗುವ ದಾರಿಯೂ ಅವನಿಗಿಲ್ಲ. ಅವನ ಪಕ್ಕದಲ್ಲಿ ನಿಂತು ಪ್ಲಾಸ್ಟರಿಂಗ್ ಮಾಡುವ ನಿಮ್ಮ ತಂದೆಯವರು ನಾಳೆ ಹೆಚ್ಚು ಕೂಲಿ ಕೇಳಿದರೆ ಗುತ್ತಿಗೆದಾರ ಏನು ಹೇಳುತ್ತಾನೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಹಾಗಾದರೆ ಬರುವವರನ್ನೇ ತಡೆದರೆ ಕೂಲಿ ಏರುತ್ತದೆಯೇ? ಇದನ್ನೂ ಒಂದು ದೇಶ ಮಾಡಿ ನೋಡಿದೆ. ಅಮೆರಿಕದ ಹೊಲಗಳಿಗೆ ಮೆಕ್ಸಿಕೊದಿಂದ ಋತುಮಾನಕ್ಕೆ ತಕ್ಕಂತೆ ಕೂಲಿಗಳನ್ನು ಕರೆಸುವ ‘ಬ್ರಸೇರೊ’ ಎಂಬ ಏರ್ಪಾಡು 1942ರಲ್ಲಿ ಶುರುವಾಯಿತು. ವರ್ಷಕ್ಕೆ ಹೆಚ್ಚುಕಡಿಮೆ ಐದು ಲಕ್ಷ ಜನ ಹಾಗೆ ಬಂದು ಹೋಗುತ್ತಿದ್ದ ಕಾಲವೂ ಇತ್ತು. ಸ್ಥಳೀಯ ಕೃಷಿ ಕಾರ್ಮಿಕರ ಕೂಲಿ ಏರಲಿ ಎಂಬ ಉದ್ದೇಶದಿಂದಲೇ 1964ರ ಕೊನೆಗೆ ಅದನ್ನು ನಿಲ್ಲಿಸಿದರು. ಉದ್ದೇಶ ಪ್ರಾಮಾಣಿಕವಾಗಿತ್ತು. ಕ್ಲೆಮೆನ್ಸ್, ಈಥನ್ ಲೂಯಿಸ್, ಹನ್ನಾ ಪೋಸ್ಟೆಲ್ ಅವರು ಹಳೆಯ ದಾಖಲೆಗಳನ್ನು ಒಟ್ಟುಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬ್ರಸೇರೊಗಳು ಹೆಚ್ಚಾಗಿದ್ದ ರಾಜ್ಯಗಳಲ್ಲಿ ಕೂಲಿ ಉಳಿದ ರಾಜ್ಯಗಳಿಗಿಂತ ಬೇಗ ಏರಲಿಲ್ಲ.

ಏಕೆ ಎಂಬುದಕ್ಕೆ ಟೊಮೆಟೊ ಒಂದನ್ನೇ ನೋಡಿದರೂ ಸಾಕು. ಕ್ಯಾಲಿಫೋರ್ನಿಯಾದ ಡೇವಿಸ್‌ನ ವಿಶ್ವವಿದ್ಯಾಲಯದಲ್ಲಿ ಜ್ಯಾಕ್ ಹನ್ನಾ ಎಂಬ ತಳಿ ವಿಜ್ಞಾನಿಯೂ ಕೋಬಿ ಲೊರೆಂಜನ್ ಎಂಬ ಎಂಜಿನಿಯರೂ ವರ್ಷಗಟ್ಟಲೆ ಕೂತು ಒಂದು ಜೋಡಿಯನ್ನು ತಯಾರಿಸಿದ್ದರು. ಒಂದು, ಇಡೀ ಹೊಲವನ್ನು ಕೊಯ್ಯುವ ಯಂತ್ರ. ಇನ್ನೊಂದು, ಆ ಯಂತ್ರದ ಹೊಡೆತ ತಡೆಯುವಷ್ಟು ಗಟ್ಟಿಯಾದ, ಗಿಡದ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುವ ಟೊಮೆಟೊ. ಕೈಯಿಂದ ಬಿಡಿಸುವವನು ಹಣ್ಣಾದದ್ದನ್ನು ಇಂದು ಕಿತ್ತು, ಕಾಯಾದದ್ದನ್ನು ಬಿಟ್ಟು, ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತಾನೆ. ಯಂತ್ರ ಬುಡ ಸಮೇತ ಕತ್ತರಿಸಿ ಒಂದೇ ಸಲಕ್ಕೆ ಮುಗಿಸುತ್ತದೆ. ಬ್ರಸೇರೊಗಳು ಇರುವವರೆಗೆ ಈ ಯಂತ್ರ ಕೊಳ್ಳುವವರು ವಿರಳ. ಕೆಚಪ್, ಸಾಸ್ ಕಾರ್ಖಾನೆಗಳಿಗೆ ಹೋಗುವ ಟೊಮೆಟೊದಲ್ಲಿ ಯಂತ್ರದಿಂದ ಕೊಯ್ದದ್ದು ತೀರಾ ಅತ್ಯಲ್ಪ. ಆ ಕೂಲಿಗಳು ನಿಂತ ನಾಲ್ಕೇ ವರ್ಷಗಳಲ್ಲಿ, 1968ರ ಹೊತ್ತಿಗೆ, ಅದು ಶೇ 95ರ ಹತ್ತಿರಕ್ಕೆ ಏರಿತು. ಯಂತ್ರ ಸಿಗದ ಬೆಳೆಗಳಲ್ಲಿ ರೈತರು ಬೆಳೆಯುವುದನ್ನೇ ಕಡಿಮೆ ಮಾಡಿದರು. ಖಾಲಿಯಾದ ಜಾಗದಲ್ಲಿ ಸ್ಥಳೀಯ ಕೂಲಿ ಬಂದು ನಿಲ್ಲುತ್ತಾನೆ, ಹೆಚ್ಚು ಪಗಾರ ಪಡೆಯುತ್ತಾನೆ ಎಂದುಕೊಂಡಿದ್ದರು. ಅಲ್ಲಿ ಬಂದು ನಿಂತದ್ದು ಯಂತ್ರ. ನಮ್ಮಲ್ಲೂ ಸೈಟಿನಲ್ಲಿ ಗಾರೆ ಕಲಸುವ ಆಳು ಸಿಗದಿದ್ದರೆ ರೆಡಿಮಿಕ್ಸ್ ಲಾರಿ ಬರುತ್ತದೆ, ಇಟ್ಟಿಗೆ ಕಟ್ಟುವವರು ಸಿಗದಿದ್ದರೆ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆ ಬರುತ್ತದೆ.

ಸ್ಥಳೀಯನಿಗೆ ಲಾಭವಾದ ಉದಾಹರಣೆಯೂ ಇದೆ. ಡೆನ್ಮಾರ್ಕ್ ಸರ್ಕಾರ ನಿರಾಶ್ರಿತರನ್ನು ಅವರವರ ಇಚ್ಛೆಗೆ ಬಿಡದೆ ದೇಶದ ಬೇರೆ ಬೇರೆ ಊರುಗಳಿಗೆ ಹಂಚುತ್ತಿತ್ತು. ಹಾಗೆ ಹೋದವರ ಬೆನ್ನಿಗೆ ಅವರ ನೆಂಟರೂ ಅದೇ ಊರುಗಳಿಗೆ ಬಂದು ಸೇರಿದರು. ಇದನ್ನು ಅಧ್ಯಯನ ಮಾಡಿದ ಮೆಟ್ಟೆ ಫೊಗೆಡ್ ಮತ್ತು ಜೊವಾನಿ ಪೆರಿ ಅವರು ಕಂಡದ್ದು ಇದು: ಕಡಿಮೆ ಓದಿದ ಡೇನರು, ಅದರಲ್ಲೂ ಕಿರಿಯರು, ಮೈಮುರಿಯುವ ಕೆಲಸ ಬಿಟ್ಟು ಮಾತು-ಲೆಕ್ಕ-ಜವಾಬ್ದಾರಿಯ ಕೆಲಸಗಳಿಗೆ ಸರಿದರು. ಅವರ ಕೂಲಿ ಏರಿತು. ಇದು ನಮಗೇನೂ ಹೊಸದಲ್ಲ. ಮನೆ ಕಟ್ಟಿಸುವ ಯಜಮಾನರೊಂದಿಗೆ ಕನ್ನಡದಲ್ಲಿ ಮಾತನಾಡಿ, ಅಡಿ ಲೆಕ್ಕ ಹಾಕಿ, ಸಿಮೆಂಟಿನ ಅಂಗಡಿಯಲ್ಲಿ ಸಾಲ ಹೇಳಿ, ಹತ್ತು ಹುಡುಗರನ್ನು ದುಡಿಸುವ ಮೇಸ್ತ್ರಿಗಳಲ್ಲಿ ಎಷ್ಟೋ ಜನ ಹದಿನೈದು ವರ್ಷಗಳ ಹಿಂದೆ ತಾವೇ ಬಾಂಡ್ಲಿ ಹೊತ್ತವರು. ಹೊರಗಿನ ಹುಡುಗರು ಬಂದದ್ದರಿಂದಲೇ ಅವರಿಗೆ ಮೇಲೆ ಹತ್ತಲು ಮೆಟ್ಟಿಲು ಸಿಕ್ಕಿತು.

ಆದರೆ ಐವತ್ತು ದಾಟಿದ, ಬೆನ್ನು ನೋಯುವ, ಅಕ್ಷರ ಬಾರದ ಗಾರೆ ಕೆಲಸದವರಿಗೆ ‘ನೀವೂ ಮೇಸ್ತ್ರಿಯಾಗಿ’ ಎಂದು ಹೇಳುವುದು ಸುಲಭವಲ್ಲ, ನ್ಯಾಯವೂ ಅಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2016ರಲ್ಲಿ ಪ್ರಕಟಿಸಿದ ದೊಡ್ಡ ವರದಿ ಹತ್ತಾರು ಅಧ್ಯಯನಗಳನ್ನು ತೂಗಿ ಇದನ್ನೇ ಹೇಳಿತು. ದೀರ್ಘಕಾಲದಲ್ಲಿ ಒಟ್ಟಾರೆ ಕೂಲಿಯ ಮೇಲಿನ ಪರಿಣಾಮ ತೀರಾ ಚಿಕ್ಕದು. ಪೆಟ್ಟು ಬೀಳುವುದಾದರೆ ಮೊದಲು ಬೀಳುವುದು ಹಿಂದೆ ವಲಸೆ ಬಂದವರ ಮೇಲೆ, ಆಮೇಲೆ ಹೈಸ್ಕೂಲು ಮುಗಿಸದ ಸ್ಥಳೀಯರ ಮೇಲೆ. ನಿಮ್ಮ ತಂದೆಯವರು ಯಾದಗಿರಿಯಿಂದ ಬಂದವರು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಿ. ಹಿಂದಿನ ರೈಲಿನಲ್ಲಿ ಬಂದವನೇ ಮುಂದಿನ ರೈಲಿನಲ್ಲಿ ಬರುವವನ ನೇರ ಪ್ರತಿಸ್ಪರ್ಧಿ. ಇಬ್ಬರ ಕೈಯಲ್ಲೂ ಅದೇ ಕರಣೆ. ನನ್ನಂಥ ಮೇಷ್ಟರ ಸಂಬಳಕ್ಕೆ ಅವರಿಂದ ಯಾವ ಭಯವೂ ಇಲ್ಲ. ಅವರಿಂದ ನನ್ನ ಮನೆ ಅಗ್ಗವಾಗಿ ಕಟ್ಟಿ ಮುಗಿಯಿತು. ಲಾಭ ನನಗೆ, ಪೈಪೋಟಿ ನಿಮ್ಮ ತಂದೆಗೆ. ಅವರು ಸಿಟ್ಟಾದರೆ ತಪ್ಪೇನು?

ಈಗ ನಿಮ್ಮ ಅಣ್ಣನ ವಿಷಯಕ್ಕೆ ಬರುತ್ತೇನೆ. ಇಡೀ ಉತ್ತರದಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವ ಸಂಗತಿ ಇರುವುದು ಇಲ್ಲೇ. ದುಬೈ ಇರುವ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಬಹಳ ಕಾಲ ಒಬ್ಬ ಕೆಲಸಗಾರ ಒಪ್ಪಂದದ ಅವಧಿ ಮುಗಿದ ಮೇಲೂ ಮಾಲೀಕನಿಂದ ‘ಅಭ್ಯಂತರವಿಲ್ಲ’ ಎಂಬ ಪತ್ರ ತಾರದೆ ಬೇರೆ ಕಡೆ ಸೇರುವಂತಿರಲಿಲ್ಲ. 2011ರ ಜನವರಿಯಿಂದ, ಒಪ್ಪಂದ ಮುಗಿದವನಿಗೆ ಆ ಪತ್ರ ಬೇಡ ಎಂದಾಯಿತು. ಸುರೇಶ್ ನಾಯ್ಡು, ಯಾವ್ ನ್ಯಾರ್ಕೊ, ಶಿಂಗ್-ಯಿ ವಾಂಗ್ ಅವರು ಸಂಬಳದ ದಾಖಲೆಗಳನ್ನು ನೋಡಿದಾಗ, ಹಾಗೆ ಬಿಡುಗಡೆ ಸಿಕ್ಕ ಕೆಲಸಗಾರರ ಗಳಿಕೆ ಶೇ 10ಕ್ಕಿಂತ ಹೆಚ್ಚು ಏರಿತ್ತು. ಅವರ ಕೌಶಲ ರಾತ್ರೋರಾತ್ರಿ ಹೆಚ್ಚಿರಲಿಲ್ಲ. ಬಿಟ್ಟು ಹೋಗುವ ಹಕ್ಕೊಂದು ಬಂತು. ಹಕ್ಕು ಬಂದ ಮೇಲೆ ಬಹಳ ಜನ ಬಿಟ್ಟು ಹೋಗಲೂ ಇಲ್ಲ, ಇದ್ದಲ್ಲೇ ಸಂಬಳ ಹೆಚ್ಚಿತು. ಕೂಲಿಯನ್ನು ಕೆಳಗೆ ಹಿಡಿದಿಟ್ಟಿದ್ದದ್ದು ಬಂದವರ ಸಂಖ್ಯೆಯಲ್ಲ, ಬಂದವನ ಕಾಲಿಗೆ ಕಟ್ಟಿದ ಹಗ್ಗ.

ಆ ಹಗ್ಗ ನಮ್ಮ ಸೈಟುಗಳಲ್ಲೂ ಇದೆ. ಮೇಸ್ತ್ರಿಯ ಪುಸ್ತಕದಲ್ಲಿರುವ ಬಾಕಿ, ಊರಿನಲ್ಲೇ ಕೊಟ್ಟ ಮುಂಗಡ, ಶೆಡ್ಡಿನ ವಾಸ. ಇವು ಆ ಹಗ್ಗದ ಎಳೆಗಳು. ಕೊರೊನಾ ಲಾಕ್‌ಡೌನ್ ಇದ್ದ 2020ರ ಮೇ ಮೊದಲ ವಾರದಲ್ಲಿ ಕರ್ನಾಟಕ ಸರ್ಕಾರ ಕಟ್ಟಡ ನಿರ್ಮಾಣ ಉದ್ಯಮಿಗಳ ಜೊತೆ ಸಭೆ ನಡೆಸಿದ ಮೇಲೆ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ಶ್ರಮಿಕ ರೈಲುಗಳನ್ನು ರದ್ದುಮಾಡಿತು. ತೀವ್ರ ವಿರೋಧ ಬಂದು ಕೆಲವೇ ದಿನಗಳಲ್ಲಿ ಮತ್ತೆ ಬಿಡಬೇಕಾಯಿತು. ಮನೆಗೆ ಹೋಗುತ್ತೇನೆ ಎನ್ನುವವನಿಗೂ ಹೋಗಲು ಬಿಡದಂಥ ಗಳಿಗೆ ಅದು. ಆ ದಿನಗಳನ್ನು ನಾನು ಮರೆತಿಲ್ಲ.

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿತ್ತು: ಒಂದೇ ಬಗೆಯ ಕೆಲಸಕ್ಕೆ ಸ್ಥಳೀಯನಿಗೆ ಕೊಡುವಷ್ಟೇ ಕೂಲಿಯನ್ನು ಹೊರ ರಾಜ್ಯದವನಿಗೂ ಕೊಡಬೇಕು. ಅದನ್ನು ವಲಸಿಗನ ಮೇಲಿನ ಕರುಣೆ ಎಂದು ಓದುತ್ತಾರೆ. ನಾನು ಅದನ್ನು ನಿಮ್ಮ ತಂದೆಯವರ ರಕ್ಷಣೆ ಎಂದು ಓದುತ್ತೇನೆ. ಒಡಿಶಾದ ಹುಡುಗ ಅಗ್ಗಕ್ಕೆ ಸಿಗದಿದ್ದರೆ, ಅಗ್ಗ ಎಂಬ ಒಂದೇ ಕಾರಣಕ್ಕೆ ಅವನನ್ನು ಯಾರೂ ಕರೆಸುವುದಿಲ್ಲ. 2024ರ ಜುಲೈನಲ್ಲಿ ನಮ್ಮ ಸಚಿವ ಸಂಪುಟ ಒಪ್ಪಿ ಎರಡೇ ದಿನಗಳಲ್ಲಿ ತಡೆಹಿಡಿದ ಸ್ಥಳೀಯರ ಮೀಸಲಾತಿ ಮಸೂದೆಯ ಬಗ್ಗೆ ನೀವು ಕೇಳಬಹುದು. ಅದು ನೋಡುತ್ತಿದ್ದದ್ದು ಉದ್ಯಮಗಳ ವೇತನದಾರ ಹುದ್ದೆಗಳನ್ನು. ಗುತ್ತಿಗೆಯ ಕೆಳಗೆ ಉಪಗುತ್ತಿಗೆ, ಅದರ ಕೆಳಗೆ ಮೇಸ್ತ್ರಿ ಎಂದು ಸಾಗುವ ಗಾರೆ ಕೆಲಸಕ್ಕೆ ಅದು ಮುಟ್ಟುತ್ತಿತ್ತು ಎಂಬ ನಂಬಿಕೆ ನನಗಿಲ್ಲ. ಹಾಜರಿ ಪುಸ್ತಕ ನೋಡುವ, ಬಟವಾಡೆ ವಾರಕ್ಕೊಮ್ಮೆ ಪೂರ್ತಿ ಆಗಿದೆಯೇ ಎಂದು ಕೇಳುವ ಕಾರ್ಮಿಕ ನಿರೀಕ್ಷಕ ಸೈಟಿಗೆ ಬಂದರೆ ಆ ಮಸೂದೆಗಿಂತ ಹೆಚ್ಚು ಉಪಕಾರವಾಗುತ್ತದೆ.

ನಿಮ್ಮ ಅಣ್ಣ ಹೋಗುವುದಾದರೆ ಹೋಗಲಿ. ಆದರೆ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತ ಏಜೆಂಟರ ಮೂಲಕವೇ ಹೋಗಲಿ. ಅವರು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕಿಂತ ಹೆಚ್ಚಿಲ್ಲ. ಲಕ್ಷಗಟ್ಟಲೆ ಸಾಲ ಮಾಡಿ ಹೋದವನು ವಿಮಾನ ಹತ್ತುವ ಮೊದಲೇ ಹಗ್ಗ ಕಟ್ಟಿಸಿಕೊಂಡಿರುತ್ತಾನೆ. ಹತ್ತನೆಯ ತರಗತಿ ಪಾಸಾಗಿರದಿದ್ದರೆ ವಲಸೆ ಅನುಮತಿ ಪಡೆದೇ ಹೋಗಬೇಕು. ಸಂದರ್ಶಕ ವೀಸಾದ ಮೇಲೆ ಹೋಗಿ ಅಲ್ಲಿ ನೋಡೋಣ ಎಂಬ ಮಾತಿಗೆ ಒಪ್ಪಬಾರದು. ಒಪ್ಪಂದದಲ್ಲಿ ಸಂಬಳದ ಸಾಲಿನ ಜೊತೆಗೆ, ಕೆಲಸ ಬದಲಿಸುವುದು ಹೇಗೆ, ಎಷ್ಟು ದಿನ ಮೊದಲು ಹೇಳಬೇಕು ಎಂಬ ಸಾಲನ್ನೂ ಓದಿಸಿಕೊಳ್ಳಲಿ. ಪಾಸ್‌ಪೋರ್ಟ್ ಅವನ ಬಳಿಯೇ ಇರಬೇಕು.

ನಿಮ್ಮ ತಂದೆಯವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ, ವಯಸ್ಸು ಅರವತ್ತು ದಾಟಿರದಿದ್ದರೆ ನೋಂದಣಿಗೆ ಅರ್ಹರು. ಪಕ್ಕದಲ್ಲಿ ದುಡಿಯುವ ಹುಡುಗನಿಗೂ ಅದೇ ಅರ್ಹತೆಯಿದೆ ಎಂದು ಅವನಿಗೆ ತಿಳಿಸಲು ಹೇಳಿ. ಇಪ್ಪತ್ತೈದು ವರ್ಷಗಳ ಹಿಂದೆ ಯಾದಗಿರಿಯಿಂದ ಬಂದಿಳಿದಾಗ ಅವರ ಮೊದಲ ಬಟವಾಡೆ ಯಾರ ಪುಸ್ತಕದಲ್ಲಿತ್ತು, ಅದನ್ನು ಬಿಡಿಸಿಕೊಂಡದ್ದು ಹೇಗೆ ಎಂದೂ ಒಮ್ಮೆ ಕೇಳಿ. ಅವರು ಏನು ಹೇಳಿದರು ಎಂಬುದನ್ನು ನನಗೆ ಬರೆಯಿರಿ.